ರೊಟ್ಟಿ ಲೆಕ್ಕಕ್ಕೂ ಮನೆ ಮಾತಿಗೂ ಕಾನ್ಫರೆನ್ಸ್ ಕಾಲ್: ಒಂದೂವರೆ ವರ್ಷ ಬಳಸಿದ ಮೇಲೆ

‘ಹಲೋ, ಯಾರ್ಯಾರ್ ಬಂದೀರಿ?’

ದಿನಾ ಮಧ್ಯಾಹ್ನ ಎರಡೂವರೆಗೆ ನಾನು ಫೋನಿನಲ್ಲಿ ಆಡುವ ಮೊದಲ ಮಾತು ಇದು. ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಮನೆ. ಜೋಳದ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮಾರುತ್ತೇನೆ. ರೊಟ್ಟಿ ಬಡಿಯುವವರು ಐದು ಜನ. ಒಬ್ಬ ಅಕ್ಕ ಫರಹತಾಬಾದದಲ್ಲಿ, ಇಬ್ಬರು ಕಮಲಾಪುರದಲ್ಲಿ, ಒಬ್ಬಾಕೆ ಸಾವಳಗಿಯಲ್ಲಿ, ಇನ್ನೊಬ್ಬಾಕೆ ಇಲ್ಲೇ ಬ್ರಹ್ಮಪುರದಲ್ಲಿ. ಆರ್ಡರ್ ಹಿಡಿಯೋದು, ಎಣಿಸಿ ಕಟ್ಟೋದು, ಬಸ್ಸಿಗೋ ರೈಲಿಗೋ ಹಾಕೋದು ನನ್ನ ಕೆಲಸ.

ಮೊದಲೆಲ್ಲ ಒಂದು ಆರ್ಡರ್ ಬಂದರೆ ಐದು ಸಲ ಫೋನ್ ಮಾಡುತ್ತಿದ್ದೆ. ಒಂದೇ ಮಾತು ಐದು ಸಲ. ಮೂರನೇ ಫೋನ್ ಹೊತ್ತಿಗೆ ನನಗೇ ಲೆಕ್ಕ ತಪ್ಪುತ್ತಿತ್ತು. ಒಂದು ಸಲ 600 ರೊಟ್ಟಿ ಆರ್ಡರಿಗೆ 800 ರೊಟ್ಟಿ ಬಂದು ಬಿದ್ದವು. ‘ಆಕಿಗೆ ಆಗಲಿಕ್ಕಿಲ್ಲ, ನಾ ನೂರು ಜಾಸ್ತಿ ಮಾಡ್ತೀನಿ’ ಅಂತ ಇಬ್ಬರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದರು. ಖಡಕ್ ರೊಟ್ಟಿ ಬೇಗ ಕೆಡೋದಿಲ್ಲ, ಪುಣ್ಯ. ಬಿಸಿ ರೊಟ್ಟಿ ಆರ್ಡರ್ ಆಗಿದ್ದರೆ ಅವತ್ತು ಓಣಿಗೆಲ್ಲ ಹಂಚಬೇಕಿತ್ತು.

ಆಮೇಲೆ ಎಲ್ಲರನ್ನೂ ಒಂದೇ ಲೈನಿಗೆ ಕೂಡಿಸುವ ಕಾನ್ಫರೆನ್ಸ್ ಕಾಲ್ ಶುರು ಮಾಡಿದೆ. ಫೋನಿನಲ್ಲಿ ಮೊದಲಿನಿಂದಲೂ ಇತ್ತು. ನಾನೇ ಆ ಗುಂಡಿ ಒತ್ತಿರಲಿಲ್ಲ, ಅಷ್ಟೇ. ಈ ಒಂದೂವರೆ ವರ್ಷದಲ್ಲಿ ಸಾದಾ ಫೋನ್ ಕಾಲ್, ವಾಟ್ಸ್‌ಆ್ಯಪ್ ಗ್ರೂಪ್ ಕಾಲ್, ಲಿಂಕ್ ಕಳಿಸುವ ಮೀಟಿಂಗ್ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಸಾದಾ ಫೋನ್ ಕಾಲಿಗೇ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಐವರಲ್ಲಿ ಮೂವರ ಹತ್ತಿರ ಇರುವುದು ಗುಂಡಿ ಫೋನು. ಆ್ಯಪ್ ಇಲ್ಲ, ನೆಟ್ ಇಲ್ಲ, ಲಿಂಕ್ ಅಂದರೆ ಏನು ಅಂತಲೂ ಗೊತ್ತಿಲ್ಲ. ಸಾದಾ ಕಾನ್ಫರೆನ್ಸಿನಲ್ಲಿ ಅವರಿಗೆ ಏನೂ ಗೊತ್ತಿರಬೇಕಾಗಿಲ್ಲ. ಫೋನ್ ಬಡಿದುಕೊಂಡರೆ ಎತ್ತಿದರೆ ಸಾಕು. ಉಳಿದ ಕಸರತ್ತೆಲ್ಲ ಕರೆ ಮಾಡುವವರದು. ಮೊದಲು ಒಬ್ಬರಿಗೆ ಹಚ್ಚಬೇಕು. ಅವರು ಎತ್ತಿದ ಮೇಲೆ ಆ್ಯಡ್ ಕಾಲ್ ಒತ್ತಿ ಎರಡನೆಯವರಿಗೆ ಹಚ್ಚಬೇಕು. ಆಗ ಮೊದಲನೆಯವರು ಹೋಲ್ಡ್‌ಗೆ ಹೋಗುತ್ತಾರೆ. ಎರಡನೆಯವರು ಎತ್ತಿದ ಮೇಲೆ ಮರ್ಜ್ ಒತ್ತಿದರೆ ಮೂವರೂ ಒಂದೇ ಸಾಲಿಗೆ. ಹೀಗೆ ನನ್ನ ಫೋನಿನಲ್ಲಿ ನನ್ನನ್ನು ಬಿಟ್ಟು ಐದು ಜನರವರೆಗೆ ಸೇರಿಸಬಹುದು. ಐವರನ್ನೂ ಕೂಡಿಸಲು ಮೂರು ನಿಮಿಷ ಬೇಕು.

ಈ ಮೂರು ನಿಮಿಷದಲ್ಲೇ ತಾಪತ್ರಯ ಇರೋದು. ಹೋಲ್ಡ್‌ಗೆ ಹೋದವರಿಗೆ ಏನೂ ಕೇಳಿಸುವುದಿಲ್ಲ, ಇಲ್ಲವೇ ಟುಂಯ್ ಟುಂಯ್ ಅನ್ನುತ್ತದೆ. ‘ಲೈನ್ ಹೋತು’ ಅಂತ ಕಟ್ ಮಾಡಿಬಿಡುತ್ತಾರೆ. ಅವರನ್ನು ಮತ್ತೆ ಹಿಡಿಯುವಷ್ಟರಲ್ಲಿ ಇನ್ನೊಬ್ಬರು ಕಟ್. ಮೊದಲ ವಾರ ಇದೇ ಕುಣಿತ. ಈಗ ಒಂದು ಕ್ರಮ ಮಾಡಿಕೊಂಡಿದ್ದೇನೆ. ತಾಳ್ಮೆ ಇರುವ ಫರಹತಾಬಾದ ಅಕ್ಕನಿಗೆ ಮೊದಲು. ಎತ್ತಿದ ಕೂಡಲೇ, ‘ಅಕ್ಕಾ, ಸುಮ್ನ ಕಿವಿಗೆ ಹಿಡಕೊಂಡು ಕೂಡ್ರಿ, ಕಟ್ ಮಾಡಬ್ಯಾಡ್ರಿ’ ಅನ್ನುತ್ತೇನೆ. ಅವಸರದವರು ಕೊನೆಗೆ. ಗಿರಾಕಿ ಇದ್ದರೆ ಎಲ್ಲರಿಗಿಂತ ಕೊನೆಗೆ.

ಗಿರಾಕಿ ಸೇರಿದರೆ ಆರು ಜನ ಆದರಲ್ಲ, ಐದೇ ಅಲ್ವಾ ಹಿಡಿಯೋದು? ಅದಕ್ಕೆ ಕಮಲಾಪುರದ ಇಬ್ಬರು ಒಂದೇ ಮನೆಯಲ್ಲಿ ಕೂತು ಒಂದೇ ಫೋನ್ ಸ್ಪೀಕರಿಗೆ ಹಾಕುತ್ತಾರೆ. ಶುರುವಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ತಂತಮ್ಮ ಫೋನನ್ನೇ ಸ್ಪೀಕರಿಗೆ ಹಾಕಿದ್ದರು. ಒಂದು ಫೋನಿನ ಸದ್ದು ಇನ್ನೊಂದಕ್ಕೆ ಹೊಕ್ಕು, ತಿರುಗಿ ಬಂದು, ಕುಯ್ಯೋ ಅಂತ ಕಿವಿ ಹರಿಯುವ ಹಾಗೆ ಕೂಗಿತು. ಸಾವಳಗಿಯಾಕೆ ಫೋನ್ ಒಗೆದು ಅಂಗಳಕ್ಕೆ ಓಡಿದ್ದಳಂತೆ. ಒಂದೇ ಕೋಣೆಯಲ್ಲಿ ಎರಡು ಫೋನ್ ಒಂದೇ ಕಾಲಿನಲ್ಲಿ ಇರಲೇಬಾರದು. ಆ್ಯಪಿನಲ್ಲೂ ಅಷ್ಟೇ.

ಇನ್ನೊಂದು ಕಾಟ ಹೋಲ್ಡ್ ದನಿಯದು. ನಡುವೆ ಯಾರಾದರೂ ಬೇರೆ ಫೋನ್ ಬಂತು ಅಂತ ನಮ್ಮನ್ನು ಹೋಲ್ಡ್‌ಗೆ ಹಾಕಿದರೆ, ‘ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇರಿಸಲಾಗಿದೆ’ ಅನ್ನೋ ಹೆಣ್ಣಿನ ದನಿ ಉಳಿದ ಎಲ್ಲರಿಗೂ ಕೇಳಿಸುತ್ತದೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಆಕೆ ಮುಗಿಸೋವರೆಗೆ ಯಾರೂ ಮಾತಾಡೋ ಹಾಗಿಲ್ಲ. ಅಂಥ ಹೊತ್ತಿನಲ್ಲಿ ಮ್ಯಾನೇಜ್ ಅನ್ನೋ ಕಡೆ ಹೋಗಿ ಆ ಒಬ್ಬರನ್ನು ಮಾತ್ರ ಕೈಬಿಡಬಹುದು. ನನಗೆ ಇದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿವರೆಗೆ ಆಕೆಯ ಮೂರೂ ಭಾಷೆ ಕೇಳಿದ್ದೇನೆ.

ಖರ್ಚಿನ ಮಾತು. ಐದು ಜನರನ್ನು ಕೂಡಿಸಿದರೆ ನನ್ನ ಸಿಮ್ಮಿನಿಂದ ಐದು ಬೇರೆ ಬೇರೆ ಕಾಲ್ ಹೋದ ಲೆಕ್ಕ. ಹತ್ತು ನಿಮಿಷ ಮಾತಾಡಿದರೆ ಹೆಚ್ಚುಕಡಿಮೆ 50 ನಿಮಿಷ. ಅನ್‌ಲಿಮಿಟೆಡ್ ಪ್ಯಾಕ್ ಇದ್ದರೆ ಚಿಂತೆಯಿಲ್ಲ. ನಿಮಿಷಕ್ಕಿಷ್ಟು ಅನ್ನೋ ಪ್ಯಾಕ್ ಇದ್ದವರು ಜ್ವಾಕಿ. ಎತ್ತುವವರಿಗೆ ಪೈಸಾ ಖರ್ಚಿಲ್ಲ. ನಮ್ಮ ಹೆಣ್ಣುಮಕ್ಕಳು ಒಪ್ಪಿದ್ದೇ ಇದನ್ನು ಕೇಳಿ.

ವಾಟ್ಸ್‌ಆ್ಯಪ್ ಗ್ರೂಪ್ ಕಾಲ್ 2018ರಲ್ಲಿ ಬಂದಾಗ ನಾಲ್ಕೇ ಜನಕ್ಕೆ ಇತ್ತು, 2020ರಲ್ಲಿ ಎಂಟು ಆಯಿತು. 2022ರಿಂದ 32 ಜನ ಕೂಡಬಹುದು. ಎಲ್ಲರಿಗೂ ಒಮ್ಮೆಗೇ ರಿಂಗ್ ಆಗುತ್ತದೆ, ಆ ಮೂರು ನಿಮಿಷದ ಕುಣಿತ ಇಲ್ಲ. ಹೊರದೇಶದವರು ಇದ್ದರೆ ಇದೇ ಸರಿ, ಐಎಸ್‌ಡಿ ದುಡ್ಡು ಉಳಿಯುತ್ತದೆ. ರೊಟ್ಟಿ ತೋರಿಸಲಿಕ್ಕೂ ಬರುತ್ತದೆ. ಬೆಂಗಳೂರಿನ ಒಬ್ಬರು ‘ಸೈಜ್ ಎಷ್ಟು?’ ಅಂತ ಕೇಳಿದರು. ಬಾಯಲ್ಲಿ ಹೇಗೆ ಹೇಳೋದು? ವೀಡಿಯೊ ಹಾಕಿ ಊಟದ ಸ್ಟೀಲ್ ತಾಟಿನ ಮೇಲೆ ರೊಟ್ಟಿ ಇಟ್ಟು ತೋರಿಸಿದೆ. ಆಮೇಲೆ ಮುರಿದು, ಲಟ್ ಅನ್ನೋ ಸದ್ದೂ ಕೇಳಿಸಿದೆ. ಆರ್ಡರ್ ಆಯಿತು. ಆದರೆ ನೆಟ್ ಸಣ್ಣಗಿರುವ ಊರಿನಲ್ಲಿ ದನಿ ತುಂಡು ತುಂಡಾಗುತ್ತದೆ. ‘ನಾನೂರು’ ಅಂದರೆ ಅಲ್ಲಿ ‘ನೂರು’ ಕೇಳಿಸುತ್ತದೆ. ರೊಟ್ಟಿ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ.

ಲಿಂಕ್ ಮೀಟಿಂಗ್ ನನಗೆ ಒಗ್ಗಲಿಲ್ಲ. ಝೂಮ್ ಪುಕ್ಕಟೆ ಖಾತೆಯಲ್ಲಿ 40 ನಿಮಿಷ. ಗೂಗಲ್ ಮೀಟ್ ಪುಕ್ಕಟೆ ಖಾತೆಯಲ್ಲಿ ಮೂವರು ಇಲ್ಲವೇ ಹೆಚ್ಚು ಜನ ಕೂಡಿದರೆ 60 ನಿಮಿಷ. ಎರಡರಲ್ಲೂ 100 ಜನ ಕೂಡಬಹುದು. ಕಚೇರಿಯವರಿಗೆ, ಪರದೆ ಮೇಲೆ ಲೆಕ್ಕ ತೋರಿಸಬೇಕಾದವರಿಗೆ ಒಳ್ಳೆಯದೇ. ಹಂಚಿನ ಮುಂದೆ ಕೂತು ಕೈಯೆಲ್ಲ ಹಿಟ್ಟಾದವರಿಗೆ ಲಿಂಕ್ ಒತ್ತು ಅಂದರೆ ಬೈಯುತ್ತಾರೆ.

ಈಗ ನನ್ನದೇ ಒಂದು ಫಜೀತಿ. ಮದುವೆ ಅಡುಗೆ ಗುತ್ತಿಗೆ ಹಿಡಿಯುವ ಬೆಂಗಳೂರಿನ ಒಬ್ಬರು 800 ರೊಟ್ಟಿ ಬೇಕು ಅಂದರು. ಎಷ್ಟು ದಿನದಲ್ಲಿ ಆಗುತ್ತದೆ ಅಂತ ನಮ್ಮವರ ಬಾಯಲ್ಲೇ ಕೇಳಿಸೋಣ ಅಂತ ಎಲ್ಲರನ್ನೂ ಕೂಡಿಸಿ, ಕೊನೆಗೆ ಅವರನ್ನೂ ಮರ್ಜ್ ಮಾಡಿದೆ. ಅವರು ಬಂದರು ಅಂತ ಹೇಳುವುದನ್ನು ಮರೆತೆ. ಅಷ್ಟರಲ್ಲಿ ಕಮಲಾಪುರದ ಚಿಗವ್ವ ಶುರು ಮಾಡಿದಳು: ‘ಯವ್ವಾ, ಆ ಬೆಂಗಳೂರ ಸಾಹುಕಾರ ಹ್ವಾದ ಸಲ ರೊಕ್ಕ ಕೊಡ್ಲಾಕ ಒಂದ್ ತಿಂಗಳ ಅಡ್ಡಾಡಿಸ್ಯಾನ. ಈ ಸಲ ಮೊದಲ ಅಡ್ವಾನ್ಸ್ ಇಸ್ಕೋ. ಇಲ್ಲಂದ್ರ ನಾ ಹಂಚೇ ಇಡಾಂಗಿಲ್ಲ ನೋಡು.’

ಎಲ್ಲರೂ ಗಪ್. ಆಮೇಲೆ ಮೆಲ್ಲಗೆ ಗಂಡಸಿನ ದನಿ: ‘ಅಮ್ಮಾ, ನಾನೂ ಲೈನಲ್ಲೇ ಇದ್ದೀನಿ.’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿಗವ್ವ ಮಾತ್ರ ಹಂದಲಿಲ್ಲ. ‘ಹೌದೇನ್ರಿ? ಛಲೋ ಆತು, ಕೇಳಿಸ್ಕೊಂಡ್ರಿ’ ಅಂದಳು. ಅವತ್ತು ಸಂಜೆಯೇ ಅರ್ಧ ದುಡ್ಡು ಖಾತೆಗೆ ಬಂತು. ಆದರೂ ಎಲ್ಲ ಸಲವೂ ಹೀಗೇ ಆಗುತ್ತದೆ ಅಂತ ನಂಬೋ ಹಾಗಿಲ್ಲ. ಅವತ್ತಿನಿಂದ ಯಾರನ್ನೇ ಸೇರಿಸಿದರೂ ಮೊದಲು ಹೆಸರು ಕೂಗುತ್ತೇನೆ: ‘ಈಗ ಬೆಂಗಳೂರಿನ ಸರ್ ಬಂದಾರ್ರಿ.’ ಚಿಗವ್ವ ಒಮ್ಮೆ ಕೆಮ್ಮುತ್ತಾಳೆ. ಕೇಳಿಸಿತು ಅಂತ ಅರ್ಥ.

ಹೊತ್ತು ಕೂಡ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ನಸುಕಿನ ನಾಲ್ಕಕ್ಕೇ ಒಲೆ ಹಚ್ಚುತ್ತಾರೆ. ಆಗ ಫೋನ್ ಮಾಡಿದರೆ ಕೇಳಿಸೋದು ಬರೀ ಪಟಪಟ ಬಡಿಯುವ ಸದ್ದು. ಸಂಜೆ ಆರಕ್ಕೆ ಮಕ್ಕಳು, ಕುಕ್ಕರ್ ಸೀಟಿ. ಮಧ್ಯಾಹ್ನ ಎರಡೂವರೆಗೆ ಊಟ ಮುಗಿದು ಎಲ್ಲರೂ ಕಾಲು ಚಾಚಿರುತ್ತಾರೆ. ಹತ್ತು ನಿಮಿಷ ಸಾಕು. ನಾನು ಒಬ್ಬೊಬ್ಬರ ಹೆಸರು ಹಿಡಿದೇ ಕೇಳುತ್ತೇನೆ. ‘ಎಲ್ಲಾರಿಗೂ ಆಗ್ತದೇನು?’ ಅಂತ ಕೇಳಿದರೆ ಐವರೂ ಒಟ್ಟಿಗೆ ಬಾಯಿ ಬಿಡುತ್ತಾರೆ, ಇಲ್ಲವೇ ಒಬ್ಬರೂ ಬಿಡುವುದಿಲ್ಲ. ಯಾರಿಗೆ ಎಷ್ಟು ರೊಟ್ಟಿ ಅಂತ ವಹಿಯಲ್ಲಿ ಬರೆದುಕೊಂಡು, ಕೊನೆಗೆ ಒಮ್ಮೆ ಜೋರಾಗಿ ಓದುತ್ತೇನೆ. ಎಳ್ಳಮಾಸಿ ಹೊತ್ತಿನಲ್ಲಿ ಸಜ್ಜಿ ರೊಟ್ಟಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಒಂದು ರೊಟ್ಟಿಯೂ ಲೆಕ್ಕ ತಪ್ಪಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಮರ್ಜ್ ಗುಂಡಿ ಹಿಡಿದೇ ಕಳ್ಳರು ದುಡ್ಡು ಹೊಡೆಯುತ್ತಿದ್ದಾರೆ. ಪರಿಚಯದವರ ಹೆಸರು ಹೇಳಿ ಯಾರೋ ಫೋನ್ ಮಾಡುತ್ತಾರೆ. ‘ಅವರು ಇನ್ನೊಂದು ನಂಬರಿನಿಂದ ಹಚ್ಚಾಕತ್ತಾರ, ಮರ್ಜ್ ಮಾಡ್ರಿ’ ಅನ್ನುತ್ತಾರೆ. ಆ ಇನ್ನೊಂದು ಕಾಲ್ ನಿಜವಾಗಿ ಬ್ಯಾಂಕಿನ ಓಟಿಪಿ ಓದಿ ಹೇಳುವ ಕಾಲ್. ಮರ್ಜ್ ಮಾಡಿದರೆ ಓಟಿಪಿ ಕಳ್ಳನ ಕಿವಿಗೂ ಬಿತ್ತು. ಯುಪಿಐ ನಡೆಸುವ ಎನ್‌ಪಿಸಿಐ 2025ರಲ್ಲಿ ಇದರ ಬಗ್ಗೆಯೇ ಎಚ್ಚರಿಸಿತ್ತು. ನಮ್ಮ ಗುಂಪಿನಲ್ಲಿ ಒಂದೇ ಮಾತು: ನಾವು ಹಚ್ಚಿದ ಕಾಲನ್ನು ಮಾತ್ರ ಮರ್ಜ್ ಮಾಡೋದು. ಒಳಗೆ ಬಂದ ಕಾಲನ್ನು ಯಾರು ಹೇಳಿದರೂ ಇಲ್ಲ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಇನ್ನು ಮನೆಯ ಕಾಲ್. ಅವ್ವ ಆಳಂದ ಹತ್ತಿರ ಊರಿನಲ್ಲಿ ಇರುತ್ತಾಳೆ. ಅಣ್ಣ ಪುಣೆ, ತಂಗಿ ಹೈದರಾಬಾದ್. ಅಪ್ಪ ಹೋದ ಮೇಲೆ ತೊಗರಿ ಹೊಲದ್ದು ಒಂದು ತಕರಾರು. ಅಣ್ಣ ನನಗೆ ಹೇಳಿದ್ದು ನಾನು ತಂಗಿಗೆ, ಆಕೆ ಅವ್ವನಿಗೆ. ಅವ್ವನ ಕಿವಿಗೆ ಹೋಗುವಷ್ಟರಲ್ಲಿ ಮಾತಿನ ಬಣ್ಣವೇ ಬೇರೆ. ಇದು ಬ್ಯಾಡ ಅಂತ ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ನಾಲ್ವರೂ ಒಂದೇ ಲೈನಿಗೆ ಬರೋದು ಶುರು ಮಾಡಿದೆವು. ಅವ್ವನದೂ ಗುಂಡಿ ಫೋನೇ. ಮೊದಮೊದಲು ಆಕೆ ಪ್ರತಿ ಮಾತಿಗೂ ‘ಇದು ಯಾರ ಧ್ವನಿ?’ ಅಂತ ಕೇಳುತ್ತಿದ್ದಳು. ಈಗ ನಾವೇ ‘ಅವ್ವಾ, ನಾ ಪುಣೆದವ’ ಅಂತ ಹೇಳಿಕೊಂಡೇ ಮಾತಾಡುತ್ತೇವೆ.

ಇಲ್ಲೂ ಒಂದು ಏಟು ತಿಂದೆವು. ಒಂದು ಭಾನುವಾರ ಈ ಸಲದ ತೊಗರಿ ದುಡ್ಡಿನ ಮಾತು ತೆಗೆದೆ. ತಂಗಿ ಒಂದು ಅಂದಳು, ಅಣ್ಣ ಎರಡು ಅಂದ, ಫೋನ್ ಕುಕ್ಕಿ ಇಟ್ಟ. ಎದುರಿಗೆ ಕೂತಿದ್ದರೆ ಮುಖ ನೋಡಿ ಸುಮ್ಮನಾಗುತ್ತಿದ್ದ. ಫೋನಿನಲ್ಲಿ ಮುಖ ಎಲ್ಲಿ ಕಾಣುತ್ತದೆ? ಎಲ್ಲವೂ ಅವ್ವನ ಕಿವಿಗೆ ಬಿತ್ತು. ಆಕೆ ಏನೂ ಅನ್ನಲಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು. ಅವತ್ತಿನಿಂದ ಹೊಲದ ಲೆಕ್ಕ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತೇ. ಭಾನುವಾರದ ಕಾಲಿನಲ್ಲಿ ಮಕ್ಕಳ ಪರೀಕ್ಷೆ, ಜಾತ್ರೆಗೆ ಯಾರು ಬರುತ್ತಾರೆ, ಯಾವ ಎಮ್ಮೆ ಕರು ಹಾಕಿತು, ಇಷ್ಟೇ.

ಸಾದಾ ಕಾನ್ಫರೆನ್ಸಿನಲ್ಲಿ ಕರೆ ಮಾಡಿದವರು ಇಟ್ಟರೆ ಎಲ್ಲರ ಲೈನೂ ಹೋಗುತ್ತದೆ. ಅದಕ್ಕೆ ನಾನು ಯಾವತ್ತೂ ಮೊದಲು ಇಡುವುದಿಲ್ಲ. ಅಣ್ಣ ಇಡುತ್ತಾನೆ, ತಂಗಿ ಇಡುತ್ತಾಳೆ. ನಾನೂ ಅವ್ವನೂ ಉಳಿಯುತ್ತೇವೆ.

‘ಎಲ್ಲಾರೂ ಹ್ವಾದ್ರೇನು?’ ಅನ್ನುತ್ತಾಳೆ.

‘ಹ್ಞೂಂ ಅವ್ವಾ, ನಾ ಒಬ್ಬಾಕೀನೇ ಇದ್ದೀನಿ.’

‘ಹಂಗಾರ ಕೇಳು. ಎರಡ್ ದಿನದಿಂದ ಎಡಗೈ ಎತ್ತಲಾಕ ಬರವಲ್ದು. ಅವರ ಮುಂದ ಹೇಳಬ್ಯಾಡ.’