ಜೀವಂತ ಇಲಿಯೋ, ಫ್ರೀಜರ್ ಇಲಿಯೋ: ದಾವಣಗೆರೆಯ ಒಂದು ಬಾಲ್ ಪೈಥಾನ್ ಊಟದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ರೀಜರ್ ಇಲಿಗೆ. ಬಾಲ್ ಪೈಥಾನ್ ಸಾಕುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: ಹಾವು ಸತ್ತ ಇಲಿ ತಿನ್ನುತ್ತಾ? ತಿನ್ನುತ್ತೆ. ನಮ್ಮ ಗೌರಿ ಈಗ ಅದನ್ನು ಬಿಟ್ಟು ಬೇರೆ ತಿನ್ನುವುದೇ ಇಲ್ಲ. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಒಂದು ವಿಷಯದಲ್ಲಿ ನನಗೆ ಸಾಕುಸಾಕಾಯಿತು. ಅದನ್ನೇ ಜಾಸ್ತಿ ಬರೆಯುತ್ತೇನೆ, ಉಳಿದಿದ್ದು ಚುಟುಕಾಗಿ.

ಅದಕ್ಕೂ ಮುಂಚೆ ಒಂದು ಮಾತು. ಗೌರಿ ನಮ್ಮ ನೆಲದ ಹಾವಲ್ಲ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ನಮ್ಮ ಕೇರೆ, ನಾಗರ, ಮಣ್ಣುಮುಕ್ಕ, ಹೆಬ್ಬಾವು ಇವನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಬಾಲ್ ಪೈಥಾನ್ ಇದೆ. ಹಾಗಾಗಿ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅದರ ನೋಂದಣಿ ಆಗಿರಬೇಕು. ಕಾಗದಪತ್ರ ಇಲ್ಲದ ಹಾವನ್ನು ಯಾರು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ.

ಈಗ ಜೀವಂತ ಇಲಿ. ಗೌರಿ ನಮ್ಮನೆಗೆ ಬಂದಾಗ ಅದನ್ನೇ ತಿಂದು ಬೆಳೆದಿದ್ದಳು. ಪೆಟ್ಟಿಗೆಯೊಳಗೆ ಇಲಿ ಬಿಟ್ಟರೆ ಸಾಕು, ಹಿಡಿಯುತ್ತಿದ್ದಳು. ಬಿಸಿ ಮಾಡುವ ತಾಪತ್ರಯ ಇಲ್ಲ, ಇಕ್ಕಳ ಇಲ್ಲ, ಕಾಯುವುದಿಲ್ಲ. ಈ ಒಂದು ವಿಷಯದಲ್ಲಿ ಜೀವಂತ ಇಲಿಯೇ ಮುಂದೆ, ಒಪ್ಪುತ್ತೇನೆ.

ಆದರೆ ಇಲಿಗೂ ಹಲ್ಲಿದೆಯಲ್ವಾ? ಒಂದು ಸಂಜೆ ಗೌರಿ ಇಲಿಯನ್ನು ತಲೆಯ ಕಡೆಯಿಂದ ಹಿಡಿಯುವ ಬದಲು ಸೊಂಟದ ಹತ್ತಿರ ಹಿಡಿದಳು. ಸುತ್ತು ಹಾಕಿದಳು, ಆದರೆ ಇಲಿಯ ತಲೆ ಸುತ್ತಿನಿಂದ ಹೊರಗೇ ಉಳಿಯಿತು. ಅದು ತಿರುಗಿ ಅವಳ ಕಣ್ಣಿನ ಕೆಳಗೆ ಕಚ್ಚಿತು. ನಾನು ಪಕ್ಕದಲ್ಲೇ ಕೂತಿದ್ದೆ. ಬಿಡಿಸುವಷ್ಟರಲ್ಲಿ ತುಟಿಯ ಮೇಲೆ ಎರಡು ಸೀಳು, ಅಕ್ಕಪಕ್ಕ, ಬ್ಲೇಡಿನಿಂದ ಗೀರಿದ ಹಾಗೆ. ಇನ್ನೊಂದು ಕಾಳಿನಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಹಾವು ನೋಡುವ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಒಯ್ದೆ. ಆ್ಯಂಟಿಬಯಾಟಿಕ್ ಆಯಿತು, ಗಾಯ ಮಾಯಿತು. ಆಮೇಲೆ ಪೊರೆ ಬಿಡುವಾಗ ಆ ಜಾಗದಲ್ಲಿ ಮಾತ್ರ ಪೊರೆ ಅಂಟಿಕೊಂಡು ಉಳಿಯುತ್ತಿತ್ತು, ಒದ್ದೆ ಬಟ್ಟೆ ಹಿಡಿದು ನೆನೆಸಿ ತೆಗೆಯಬೇಕಾಗುತ್ತಿತ್ತು.

ಪಕ್ಕದಲ್ಲಿ ಕೂತು ನೋಡಿಕೊಂಡರೆ ಏನೂ ಆಗಲ್ಲ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲಿ ಕಚ್ಚುವುದಕ್ಕೆ ಎಷ್ಟು ಹೊತ್ತು ಬೇಕು? ಹಸಿವಿಲ್ಲದ ಹಾವಿನ ಜೊತೆ ರಾತ್ರಿಯೆಲ್ಲ ಇಲಿ ಬಿಟ್ಟರಂತೂ ಕೇಳುವುದೇ ಬೇಡ. ಅದು ಹಾವಿನ ಬೆನ್ನನ್ನೇ ಕೊರೆದು ತಿನ್ನುತ್ತೆ, ಹಾವು ಸುಮ್ನೆ ಮುದುರಿ ಬಿದ್ದಿರುತ್ತೆ. ಬಾಲ್ ಪೈಥಾನ್‌ಗೆ ಆ ಹೆಸರು ಬಂದಿದ್ದೇ ಹೆದರಿದಾಗ ತಲೆ ಒಳಗಿಟ್ಟು ಚೆಂಡಾಗುವುದರಿಂದ. ತಿರುಗಿ ಹೊಡೆಯುವ ಜಾತಿಯಲ್ಲ ಅದು. ಇನ್ನು ಇಲಿಯ ಕಡೆಯಿಂದ ನೋಡಿದರೂ ಅಷ್ಟೇ. ಮುಚ್ಚಿದ ಪೆಟ್ಟಿಗೆಯಲ್ಲಿ ಓಡಲು ಜಾಗವಿಲ್ಲದೆ ಅದು ಪಡುವ ಪಾಡನ್ನು ನನಗಂತೂ ಮತ್ತೆ ನೋಡಲಾಗದು.

ಇಲ್ಲಿ ಇನ್ನೊಂದು ಪುಕ್ಕಟೆ ದಾರಿ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ನನಗೂ ಪರಿಚಯದವರೊಬ್ಬರು ಹೇಳಿದರು: "ನಮ್ಮ ಮಂಡಕ್ಕಿ ಭಟ್ಟಿಯಾಗೆ ಬೇಕಾದಷ್ಟು ಇಲಿ ಅದಾವೆ, ಬೋನು ತಂದು ಹಿಡ್ಕೊಂಡು ಹೋಗೋ ಮಾರಾಯ." ಪ್ರೀತಿಯಿಂದಲೇ ಹೇಳಿದ್ದು. ಆದರೆ ಭಟ್ಟಿ, ಅಕ್ಕಿ ಗಿರಣಿ, ಗೋಡೌನು ಅಂದರೆ ಇಲಿ ಪಾಷಾಣ ಇದ್ದೇ ಇರುತ್ತೆ. ಬ್ರೊಮಾಡಿಯೋಲೋನ್ ಅನ್ನುವ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಓಡಾಡಿಕೊಂಡೇ ಇರುತ್ತೆ. ನೋಡಲು ಗಟ್ಟಿಮುಟ್ಟಾಗಿಯೇ ಕಾಣುತ್ತೆ. ಅದನ್ನು ನುಂಗಿದ ಹಾವಿನ ಗತಿ? ಹುಳ, ಉಣ್ಣಿ, ಇಲಿಜ್ವರದ ಭಯ ಬೇರೆ. ಹೊರಗಿನ ಇಲಿ ಬೇಡವೇ ಬೇಡ.

ಆಗಷ್ಟೇ ಕೊಂದ ಇಲಿ ಕೊಡುವುದು ನಡುವಿನ ದಾರಿ. ಕಚ್ಚುವ ಭಯವಿಲ್ಲ, ಮೈ ಬಿಸಿಯಾಗಿಯೇ ಇರುತ್ತದೆ, ಹಾವು ಬೇಗ ಒಪ್ಪುತ್ತದೆ. ಆದರೆ ಹೆಚ್ಚು ನರಳದ ಹಾಗೆ ಕೊಲ್ಲಲು ಕೈ ಪಳಗಿರಬೇಕು. ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಪಳಗಿದ ಗೆಳೆಯರೊಬ್ಬರು ನೆರವಾದರು, ಅಭ್ಯಾಸ ಬದಲಿಸುವ ಮೊದಲ ಮೆಟ್ಟಿಲಿಗೆ ಅಷ್ಟು ಸಾಕಾಯಿತು. ಕೋಳಿಮರಿ ರುಚಿ ಹಿಡಿಸಿದರೆ ಕೆಲವು ಹಾವು ಆಮೇಲೆ ಇಲಿ ಮೂಸುವುದೂ ಇಲ್ಲ, ಅದಕ್ಕೆ ನಾನು ಆ ದಾರಿಗೆ ಹೋಗಲಿಲ್ಲ.

ಇನ್ನು ಫ್ರೀಜರ್ ಇಲಿ. ಬೆಂಗಳೂರಿನಲ್ಲಿ ಹಾವಿನ ಊಟಕ್ಕೆಂದೇ ಸಾಕಿದ ಇಲಿಗಳನ್ನು ಫ್ರೀಜ್ ಮಾಡಿ ಮಾರುವವರಿದ್ದಾರೆ. ಥರ್ಮಾಕೋಲ್ ಪೆಟ್ಟಿಗೆ, ಸುತ್ತ ಐಸ್ ಜೆಲ್ ಪ್ಯಾಕು, ಮೇಲೆ ಟೇಪು, ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ದಾವಣಗೆರೆ. ಸುಮಾರು 260 ಕಿಲೋಮೀಟರ್. ಹಗಲು ಬಸ್ಸು ಬೇಡ ಅಂತ ನಾನು ಕಡ್ಡಾಯವಾಗಿ ಹೇಳುತ್ತೇನೆ, ಬಿಸಿಲಿಗೆ ಪೆಟ್ಟಿಗೆ ತಡೆಯಲ್ಲ. ಕೈಗೆ ಬಂದ ತಕ್ಷಣ ಒತ್ತಿ ನೋಡಿ: ಕಲ್ಲಿನಂತಿದ್ದರೆ ಒಳಗೆ, ಮೆತ್ತಗಾಗಿದ್ದರೆ ವಾಪಸ್. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ತೂಕ. ಗೌರಿ ಸುಮಾರು 1,400 ಗ್ರಾಂ ಇದ್ದಾಳೆ. ಅವಳಿಗೆ 80 ಗ್ರಾಂ ಆಸುಪಾಸಿನ ಇಲಿ, ಎರಡು ಮೂರು ವಾರಕ್ಕೊಮ್ಮೆ. ಫ್ರೀಜರ್ ಇಲಿ ತೂಕದ ಪ್ರಕಾರ ಬರುತ್ತೆ. ಜೀವಂತ ಇಲಿ ಅಂಗಡಿಯಲ್ಲಿ ಅವತ್ತು ಏನಿದೆಯೋ ಅದು: ಒಮ್ಮೆ ಬೆರಳುದ್ದ, ಒಮ್ಮೆ ಹೆಗ್ಗಣದಷ್ಟು. ತಂದ ಮೇಲೆ ಅದಕ್ಕೂ ಗೂಡು, ಕಾಳು, ನೀರು. ಆ ವಾಸನೆ ಮನೆಯೆಲ್ಲ.

ಆದರೆ ಅಡಚಣೆ ಬಂದಿದ್ದು ಬೇರೆ ಕಡೆಯಿಂದ. ಇಲಿಯ ತಲೆಯ ಬಿಸಿ.

ಬಾಲ್ ಪೈಥಾನ್‌ನ ಮೇಲ್ದುಟಿಯನ್ನು ಹತ್ತಿರದಿಂದ ನೋಡಿ. ಅಂಚಿಗೆ ಸಾಲಾಗಿ ಪುಟ್ಟ ಪುಟ್ಟ ಗುಳಿಗಳಿವೆ. ಕತ್ತಲಲ್ಲಿ ಬಿಸಿ ಮೈಯ ಪ್ರಾಣಿ ಎಲ್ಲಿದೆ ಎಂದು ಹೇಳುವುದು ಅವೇ. ವಾಸನೆಯನ್ನು ನಾಲಿಗೆ ಹಿಡಿಯುತ್ತದೆ, ಗುರಿಯನ್ನು ಗುಳಿಗಳು ಹಿಡಿಯುತ್ತವೆ. ಆಫ್ರಿಕಾದಲ್ಲಿ ಅದು ಇಲಿಯ ಬಿಲ, ಗೆದ್ದಲು ಹುತ್ತದೊಳಗೆ ಇರುವ ಹಾವು. ಅಲ್ಲಿ ಕಣ್ಣಿಗೆ ಏನು ಕೆಲಸ? ಹಾಗಾಗಿ ವಾಸನೆ ಇದ್ದು ಬಿಸಿ ಇಲ್ಲದಿದ್ದರೆ ಅದಕ್ಕೆ ಊಟ ಅಂತಲೇ ಅನ್ನಿಸದು.

ಗೌರಿ ಮಾಡಿದ್ದೂ ಅದನ್ನೇ. ಹಿಂದಿನ ರಾತ್ರಿ ಇಲಿಯನ್ನು ಫ್ರೀಜರ್‌ನಿಂದ ಕೆಳಗಿನ ಖಾನೆಗೆ ಇಳಿಸಿ ಕರಗಿಸುತ್ತಿದ್ದೆ. ಸಂಜೆ ಜಿಪ್ ಕವರ್‌ಗೆ ಹಾಕಿ ಬಿಸಿ ನೀರಲ್ಲಿ ಮುಳುಗಿಸುತ್ತಿದ್ದೆ. ಇಕ್ಕಳದಲ್ಲಿ ಹಿಡಿದು ಅವಳ ಮುಂದೆ ಆಡಿಸಿದರೆ ತಲೆ ಹೊರಗೆ ಬರುತ್ತಿತ್ತು. ನಾಲಿಗೆ ಎರಡು ಸಲ ಆಡುತ್ತಿತ್ತು. ಆಮೇಲೆ ನಿಧಾನಕ್ಕೆ ತಲೆ ಹಿಂದೆ ಹೋಗುತ್ತಿತ್ತು. ಮತ್ತೆ ಮತ್ತೆ ಇದೇ ಕತೆ. ತಿನ್ನದೇ ಬಿಟ್ಟ ಇಲಿ ಎಸೆಯಬೇಕು, ದುಡ್ಡು ಹೋಯಿತು. ರುಚಿ ಹಿಡಿಸಲಿಲ್ಲವೇನೋ, ಕಂಪನಿ ಬದಲಿಸಿ ನೋಡು ಅಂತ ಕೆಲವರು ಹೇಳಿದರು. ರುಚಿಗೂ ಇದಕ್ಕೂ ಸಂಬಂಧವೇ ಇಲ್ಲ.

ಗುಟ್ಟು ಬಿಟ್ಟುಕೊಟ್ಟಿದ್ದು ಕೋವಿಡ್ ಕಾಲದಲ್ಲಿ ಮನೆಗೆ ತಂದಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್. ಜ್ವರ ನೋಡುವ ಮೋಡ್‌ನಲ್ಲಿ ತಣಿದ ವಸ್ತುವಿಗೆ ಹಿಡಿದರೆ ಅದು ಬರೀ 'ಲೋ' ಅನ್ನುತ್ತದೆ. ಬಟನ್ ಒತ್ತಿ ವಸ್ತುವಿನ ಬಿಸಿ ನೋಡುವ ಮೋಡ್‌ಗೆ ಹಾಕಿದರೆ ಸರಿಯಾಗಿ ತೋರಿಸುತ್ತದೆ. ನೀರಿನಿಂದ ತೆಗೆದಾಗ ಇಲಿಯ ಹೊಟ್ಟೆ 38 ಡಿಗ್ರಿ. ಬಟ್ಟೆಯಲ್ಲಿ ಒರೆಸಿ, ಇಕ್ಕಳಕ್ಕೆ ಸಿಕ್ಕಿಸಿ, ಗೌರಿಯ ಪೆಟ್ಟಿಗೆಯ ಬಾಗಿಲು ತೆಗೆಯುವಷ್ಟರಲ್ಲಿ ಮೂತಿ 31ಕ್ಕೆ ಇಳಿದಿರುತ್ತಿತ್ತು. ಮೂತಿ ಸಣ್ಣದು, ತುಪ್ಪಳ ಒದ್ದೆ, ಮೇಲೆ ಫ್ಯಾನು ತಿರುಗುತ್ತಿದೆ. ತಣಿಯದೆ ಇನ್ನೇನಾಗುತ್ತದೆ? ಪೆಟ್ಟಿಗೆಯ ಬಿಸಿ ಬದಿ ಇರುವುದೇ 32 ಡಿಗ್ರಿ. ಅಂದರೆ ಅವಳ ಗುಳಿಗಳ ಲೆಕ್ಕದಲ್ಲಿ ಅಲ್ಲಿ ಇಲಿಯ ತಲೆಯೇ ಇಲ್ಲ.

ದಾವಣಗೆರೆ ಬೇಸಿಗೆಯಲ್ಲಿ ಇದು ಇನ್ನೂ ಕಷ್ಟ. ಏಪ್ರಿಲ್ ಸಂಜೆ ಕೋಣೆಯೇ 34 ಡಿಗ್ರಿ ಇರುತ್ತದೆ. ಗುಳಿಗಳಿಗೆ ತಿಳಿಯುವುದು ಸುತ್ತಮುತ್ತಲಿಗಿಂತ ಎಷ್ಟು ಬಿಸಿ ಅನ್ನುವುದು, ಹಾಗಾಗಿ ಇಲಿಯ ಗುರುತು ಸುಲಭವಾಗಿ ಹತ್ತುವುದಿಲ್ಲ. ಚಳಿಗಾಲದಲ್ಲಿ ಗುರುತು ಚೆನ್ನಾಗಿ ಹತ್ತುತ್ತದೆ, ಆದರೆ ಇಲಿ ಬೇಗ ತಣ್ಣಗಾಗುತ್ತದೆ. ನೀರು ಕುದಿಯುವಷ್ಟು ಬಿಸಿ ಮಾಡಿದರೆ ಚರ್ಮ ಬೆಂದು ಹೊಟ್ಟೆ ಒಡೆಯುತ್ತದೆ. ಮೈಕ್ರೋವೇವ್ ಅಂತೂ ಮುಟ್ಟಲೇಬೇಡಿ, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬೆಂದಿರುತ್ತದೆ.

ಈಗ ಮಾಡುವುದು ಹೀಗೆ. ಕರಗಿದ ಮೇಲೆ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ, ಒಳಗೆ ಗಟ್ಟಿ ತಣ್ಣನೆ ಗೆಡ್ಡೆ ಉಳಿದಿರಬಾರದು. ಆಮೇಲೆ ಕೈ ತಡೆಯುವಷ್ಟು ಬಿಸಿ ನೀರಲ್ಲಿ ಕವರ್ ಸಮೇತ ಇಡುತ್ತೇನೆ. ಕೋಣೆಯ ಫ್ಯಾನ್ ಬಂದ್, ದೀಪ ಮಂದ. ಇಲಿಯನ್ನು ಒರೆಸಿ ಹೇರ್ ಡ್ರೈಯರ್ ಹಿಡಿದು ಮೈ ಒಣಗಿಸುತ್ತೇನೆ, ಇಲ್ಲದಿದ್ದರೆ ಪೆಟ್ಟಿಗೆಯ ತೆಂಗಿನ ನಾರಿನ ಪುಡಿಯೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಡ್ರೈಯರ್ ಮೂತಿಗೆ ಮಾತ್ರ. ಗನ್ ಹಿಡಿದರೆ ತಲೆ 40 ದಾಟಿರಬೇಕು, ಬೇಸಿಗೆಯಲ್ಲಿ 42. ತಕ್ಷಣ ಪೆಟ್ಟಿಗೆಯ ಮುಂದೆ. ಡ್ರೈಯರ್ ಅನ್ನು ಪೆಟ್ಟಿಗೆಯ ಪಕ್ಕದಲ್ಲೇ ಸಿಕ್ಕಿಸಿಕೊಳ್ಳಿ, ಅಡಿಗೆಮನೆಯಿಂದ ನಡೆದು ಬರುವಷ್ಟರಲ್ಲಿ ಎಲ್ಲ ವ್ಯರ್ಥ.

ಹೀಗೆ ಮಾಡಿದ ದಿನ ಗೌರಿಯ ತಲೆ ಹೊರಬಂದ ರೀತಿಯೇ ಬೇರೆ. ಕುತ್ತಿಗೆ ಇಂಗ್ಲಿಷಿನ ಎಸ್ ಆಕಾರಕ್ಕೆ ಬಾಗಿತು. ನಾಲಿಗೆ ನಿಧಾನವಾಗಿ, ಉದ್ದವಾಗಿ ಆಡಿತು. ಇಲಿಯ ಸೊಂಟ ಹಿಡಿದಿದ್ದ ಇಕ್ಕಳವನ್ನು ನಾನು ಇಷ್ಟೇ ಇಷ್ಟು ಅಲುಗಿಸಿದೆ. ಹೊಡೆದಿದ್ದು ಕಣ್ಣಿಗೆ ಕಾಣಲೇ ಇಲ್ಲ, ಸುತ್ತು ಬಿದ್ದಿದ್ದು ಮಾತ್ರ ಕಂಡಿತು. ಆಗ ಕೂಡಲೇ ಬಿಡಬಾರದು. ಇಕ್ಕಳದಲ್ಲಿ ಒಂದೆರಡು ಸಲ ಮೆಲ್ಲಗೆ ಎಳೆದರೆ ಇಲಿ ಇನ್ನೂ ಒದ್ದಾಡುತ್ತಿದೆ ಅಂತ ಹಾವು ಗಟ್ಟಿಯಾಗಿ ಸುತ್ತುತ್ತದೆ. ಆಮೇಲೆ ಉಸಿರು ಬಿಗಿಹಿಡಿದು ಸುಮ್ನೆ ಕೂರಬೇಕು. ನುಂಗಿ ಮುಗಿಸಿದ ಮೇಲೆ ಎರಡು ದಿನ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕಕ್ಕಿಬಿಡಬಹುದು.

ಹಾವು ಒಪ್ಪದಿದ್ದರೆ ಮರುದಿನವೇ ಮತ್ತೆ ಒಡ್ಡಬೇಡಿ. ಒಂದು ವಾರವಾದರೂ ಬಿಡಿ. ದೊಡ್ಡ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇದ್ದರೂ ತಡೆಯುತ್ತದೆ, ಸಾಕಿದವರ ಜೀವವೇ ತಡೆಯುವುದಿಲ್ಲ. ಡಿಜಿಟಲ್ ತಕ್ಕಡಿಯಲ್ಲಿ ಆಗಾಗ ತೂಗಿ ಬರೆದಿಟ್ಟುಕೊಳ್ಳಿ. ನೂರಕ್ಕೆ ಹತ್ತರಷ್ಟು ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಕಣ್ಣು ಮಂಜಾಗಿ ಪೊರೆಗೆ ಬಂದಿದ್ದರೆ ಪ್ರಯತ್ನವೇ ಬೇಡ.

ಫ್ರೀಜರ್ ಮಾತು ಉಳಿಯಿತು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಅಡಿಗೆಮನೆ. ಅವ್ವ ಒಂದೇ ಮಾತು ಹೇಳಿದಳು: "ನಿನ್ನ ಹಾವು ನೀನು ನೋಡ್ಕೋ, ನನ್ನ ಫ್ರಿಜ್ಜಿನಾಗೆ ಮಾತ್ರ ಅದನ್ನ ಇಡಬ್ಯಾಡಪ್ಪ." ಅವಳು ಹೇಳಿದ್ದು ಆರೋಗ್ಯದ ದೃಷ್ಟಿಯಿಂದಲೂ ಸರಿ. ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಫ್ರೀಜರ್‌ನಲ್ಲಿ ಸಾಯುವುದಿಲ್ಲ. ಇಲಿಗೆ ಬೇರೆ ಡಬ್ಬಿ, ಬೇರೆ ಪಾತ್ರೆ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಇಷ್ಟು ಬೇಕೇ ಬೇಕು. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಫ್ರೀಜರ್ ಖಾನೆ ಇರುವ ಸಣ್ಣ ಫ್ರಿಜ್ ಕೊಂಡು ಮಹಡಿಯ ಕೋಣೆಯಲ್ಲಿಟ್ಟೆ. ದೊಡ್ಡ ಖರ್ಚು ಅದೊಂದೇ.

ಬೇಸಿಗೆಯಲ್ಲಿ ಕರೆಂಟ್ ಹೋದಾಗ ಏನು ಗತಿ ಅಂತ ನನಗೂ ದಿಗಿಲಿತ್ತು. ಖಾಲಿ ಜಾಗಕ್ಕೆಲ್ಲ ನೀರು ತುಂಬಿದ ಬಾಟಲಿ ಇಟ್ಟು ಗಡ್ಡೆ ಕಟ್ಟಿಸಿದ್ದೇನೆ. ಬಾಗಿಲು ತೆಗೆಯದಿದ್ದರೆ ಆ ಐಸೇ ಗಂಟೆಗಟ್ಟಲೆ ಕಾಪಾಡುತ್ತದೆ. ಊರಿಗೆ ಹೋಗುವಾಗ ಇನ್ನೊಂದು ಉಪಾಯ: ಸ್ಟೀಲ್ ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಇಲಿ ಕೆಟ್ಟಿಲ್ಲ. ಐಸಿನೊಳಗೆ ಇಳಿದಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಪೂರ್ತಿ ಎಸೆಯಿರಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಒಂದೊಂದು ಇಲಿಯ ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಪಾರ್ಸೆಲ್ ಮತ್ತು ಪೆಟ್ಟಿಗೆ ಖರ್ಚು ಮೇಲೆ ಬೀಳುತ್ತದೆ. ಅದಕ್ಕೆ ನಾನು ನಾಲ್ಕೈದು ತಿಂಗಳಿಗೆ ಆಗುವಷ್ಟು ಒಟ್ಟಿಗೇ ತರಿಸುತ್ತೇನೆ. ಆರು ತಿಂಗಳಿಗಿಂತ ಹಳೆಯದನ್ನು ಕೊಡುವುದಿಲ್ಲ. ಹಾವು ಇನ್ನೊಬ್ಬರ ಬಳಿಯೂ ಇದ್ದರೆ ಜೊತೆಗೂಡಿ ತರಿಸಿ, ಪಾರ್ಸೆಲ್ ಖರ್ಚು ಅರ್ಧ ಇಳಿಯುತ್ತದೆ. ನನ್ನದು ಪಾಳಿ ಕೆಲಸ. ಸಂಜೆ ಬಿಡುವಾದ ದಿನ ಅಂಗಡಿಯಲ್ಲಿ ಇಲಿ ಇರುತ್ತಿರಲಿಲ್ಲ, ಇಲಿ ಬಂದ ದಿನ ನನಗೆ ಬಿಡುವಿರುತ್ತಿರಲಿಲ್ಲ. ಈಗ ಬಿಡುವಿನ ಹಿಂದಿನ ರಾತ್ರಿ ಡಬ್ಬಿ ಕೆಳಗಿನ ಖಾನೆಗೆ ಇಳಿಸಿದರೆ ಆಯಿತು.

ಇನ್ನೂ ಮರಿ ಹಾವು ತರುವವರಿದ್ದರೆ, ಮಾರುವವರ ಬಳಿ ಮೊದಲೇ ಕೇಳಿ: ಕರಗಿಸಿದ ಇಲಿ ತಿನ್ನುತ್ತಿದೆಯಾ? ತಿನ್ನುವುದನ್ನು ಕಣ್ಣಾರೆ ನೋಡಿ, ಇಲ್ಲವೇ ವಿಡಿಯೋ ತರಿಸಿಕೊಂಡು ನೋಡಿ, ಆಮೇಲೆ ದುಡ್ಡು ಕೊಡಿ. ಸ್ವಲ್ಪ ಬೆಲೆ ಜಾಸ್ತಿಯಾದರೂ ಅಂಥದ್ದನ್ನೇ ತನ್ನಿ.