ಉತ್ತರಕ್ಕಾಗಿ ಕಾಯುವ ತರಗತಿ: ಮಾಟುಂಗಾದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಅನುಭವ

ಮಾಟುಂಗಾ ಪೂರ್ವದಲ್ಲಿ ಭಾನುವಾರ ನಡೆಯುವ ಸ್ಪೋಕನ್ ಇಂಗ್ಲಿಷ್ ಕ್ಲಾಸೊಂದಕ್ಕೆ ಮೂರು ತಿಂಗಳು ಹೋಗಿಬಂದೆ. ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂಬಯಿಯಲ್ಲಿ ಹಿಂದಿ, ಮರಾಠಿಗಳಲ್ಲಿ ವ್ಯವಹಾರ ನಿಭಾಯಿಸಿಕೊಂಡು, ಇಂಗ್ಲಿಷಿನಲ್ಲಿ ಯಾರಾದರೂ ಏನಾದರೂ ಕೇಳಿದ ಕೂಡಲೇ ನಾಲಿಗೆ ಕಟ್ಟಿದಂತಾಗುವ ನನ್ನಂಥವರಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕಾರಣ, ಅಲ್ಲಿನ ಶಿಕ್ಷಕಿ ಪ್ರಶ್ನೆ ಕೇಳುವ ಬಗೆ.

ಹಿಂದೆ ನಾನು ಸೇರಿದ್ದ ಇನ್ನೊಂದು ಕ್ಲಾಸಿನಲ್ಲಿ ಚಿತ್ರ ತೋರಿಸಿ "ವಾಟ್ ಈಸ್ ದಿಸ್?" ಎಂದರೆ ಎಲ್ಲರೂ ಒಕ್ಕೊರಲಿನಿಂದ "ಟೇಬಲ್" ಎನ್ನುತ್ತಿದ್ದೆವು. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುವ ಇಂಥ ಪ್ರಶ್ನೆಗಳನ್ನು ಭಾಷಾಬೋಧನೆಯಲ್ಲಿ ಡಿಸ್‌ಪ್ಲೇ ಪ್ರಶ್ನೆಗಳೆಂದೂ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವನ್ನು ರೆಫರೆನ್ಷಿಯಲ್ ಪ್ರಶ್ನೆಗಳೆಂದೂ ಕರೆಯುತ್ತಾರೆ. ಹೊಸ ಪದ ಕಲಿಯಲು ಮೊದಲನೆಯದೂ ಬೇಕು. ಅಲ್ಲೇ ನಿಂತರೆ ಮಾತು ಬೆಳೆಯುವುದಿಲ್ಲ.

ಇಲ್ಲಿ ಎರಡನೆಯ ವಾರವೇ ಶಿಕ್ಷಕಿ, ಉಡುಪಿ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಸಹಪಾಠಿಯೊಬ್ಬರನ್ನು, ಕಾವಲಿ ಹದವಾಗಿ ಕಾದಿದೆಯೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರು ತಲೆ ತಗ್ಗಿಸಿದರು. ಶಿಕ್ಷಕಿ ಬೇರೆಯವರತ್ತ ತಿರುಗಲಿಲ್ಲ, ತಾವೇ ಉತ್ತರ ಹೇಳಿಕೊಡಲೂ ಇಲ್ಲ. ಕೊನೆಗೆ ಅವರು ಅಂಗೈಯಿಂದ ನೀರು ಚಿಮುಕಿಸಿದಂತೆ ಮಾಡಿ, "ವಾಟರ್ ಪುಟ್, ಸೌಂಡ್ ಕಮ್" ಎಂದರು. "ಓ, ಯು ಸ್ಪ್ರಿಂಕಲ್ ವಾಟರ್ ಅಂಡ್ ಲಿಸನ್? ವಾಟ್ ಇಫ್ ಇಟ್ ಈಸ್ ಟೂ ಹಾಟ್?" ಎಂದು ಶಿಕ್ಷಕಿ ತಪ್ಪನ್ನು ಎತ್ತಿ ಆಡದೆ ಸರಿಪಡಿಸಿ, ಮಾತನ್ನು ಮುಂದುವರಿಸಿದರು. ಇನ್ನಿಬ್ಬರು ಕರೆಯದೆಯೇ ಚರ್ಚೆಗೆ ಸೇರಿಕೊಂಡರು.

ಆ ಕಾಯುವಿಕೆಯ ಬೆಲೆ ದೊಡ್ಡದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆಂದೂ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ತಾವಾಗಿ ಮಾತನಾಡುವವರು ಹೆಚ್ಚುತ್ತಾರೆಂದೂ ತೋರಿಸಿದ್ದರು. ಅದು ವಿಜ್ಞಾನದ ತರಗತಿಗಳ ಮಾತು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರಬೇಕಾದ ನಮಗೆ ಇನ್ನೂ ಹೆಚ್ಚು ಸಮಯ ಬೇಕು.

ಒಂದು ಕೊರತೆಯನ್ನೂ ಹೇಳಲೇಬೇಕು. ಕೊನೆಯ ತಿಂಗಳು ಎರಡು ಬ್ಯಾಚುಗಳನ್ನು ಒಂದು ಮಾಡಿದ್ದರಿಂದ ನಲವತ್ತು ಜನರಾದೆವು, ಬದಲಿಗೆ ಬಂದ ಶಿಕ್ಷಕರು "ಅಂಡರ್‌ಸ್ಟುಡ್?" ಎಂದಷ್ಟೇ ಕೇಳುತ್ತಿದ್ದರು, ಅರ್ಥವಾಗದವರೂ ತಲೆಯಾಡಿಸುತ್ತಿದ್ದರು. ದೂರು ಕೊಟ್ಟ ಮೇಲೆ ಮತ್ತೆ ಬೇರ್ಪಡಿಸಿದರು. ಸೇರುವ ಮುನ್ನ ಒಂದು ಭಾನುವಾರ ಕುಳಿತು ನೋಡಲು ಬಿಡುತ್ತಾರೆ. ಬೆಳಗಿನ ಸಣ್ಣ ಬ್ಯಾಚನ್ನೇ ಕೇಳಿ ಪಡೆಯಿರಿ.