ಎರ್ಟಿಗಾ, ಕ್ಯಾರೆನ್ಸ್, ಟ್ರೈಬರ್: ಏಳು ಜನ ಕೂತು ಘಟ್ಟ ಹತ್ತಿದ ಮೇಲೆ ಬರೆದ ವಿಮರ್ಶೆ

ಏಳು ಆಸನದ ಕಾರನ್ನು ಷೋರೂಮಿನ ಆಸುಪಾಸಿನಲ್ಲಿ ಒಬ್ಬರೇ ಓಡಿಸಿ ನೋಡಿ ಕೊಳ್ಳಬಾರದು. ಏಳೂ ಜನ ಕೂತು, ಡಿಕ್ಕಿ ತುಂಬಿ, ಎ.ಸಿ. ಹಾಕಿ ಘಟ್ಟ ಹತ್ತಿಸಿದಾಗಲೇ ಅದರ ಗುಣ ತಿಳಿಯುವುದು. ನಮ್ಮ ಮನೆಯಲ್ಲಿ ಇರುವುದು 2022ರ ಮಾರುತಿ ಎರ್ಟಿಗಾ, ವಿಎಕ್ಸ್‌ಐ ಮಾದರಿ, ಪೆಟ್ರೋಲ್, ಮ್ಯಾನುಯಲ್ ಗೇರ್. ತಮ್ಮನ ಬಳಿ ಕಿಯಾ ಕ್ಯಾರೆನ್ಸ್ ಡೀಸೆಲ್ ಇದೆ, ಭಾವನ ಬಳಿ ರೆನೊ ಟ್ರೈಬರ್. ಹಬ್ಬ, ಮದುವೆ, ಭೂತಕೋಲ ಎಂದು ಬೆಂಗಳೂರಿನಿಂದ ಪುತ್ತೂರಿಗೆ ಮೂರರಲ್ಲೂ ಹೋಗಿ ಬಂದಿದ್ದೇವೆ, ಮೂರನ್ನೂ ನಾನೇ ಓಡಿಸಿದ್ದೇನೆ.

ಮೊದಲು ದುಡ್ಡಿನ ಮಾತು. 2022ರಲ್ಲಿ ಹೊಸ ರೂಪದ ಎರ್ಟಿಗಾ ಬಂದಾಗ ವಿಎಕ್ಸ್‌ಐ ಷೋರೂಂ ಬೆಲೆ 9.49 ಲಕ್ಷ ರೂಪಾಯಿ. ಅದೇ ವರ್ಷ ಬಂದ ಕ್ಯಾರೆನ್ಸ್ ಡೀಸೆಲ್‌ನ ಆರಂಭಿಕ ಮಾದರಿಗೆ 10.99 ಲಕ್ಷ. ಅಂತರ ಒಂದೂವರೆ ಲಕ್ಷವಷ್ಟೇ ಎಂದು ಕಾಣುತ್ತದೆ, ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ಅಲ್ಲಿಗೆ ಬಿಡುವುದಿಲ್ಲ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 14, ಹತ್ತನ್ನು ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ 17, ತೆರಿಗೆಯ ಮೇಲೆ ಮತ್ತೆ ಸೆಸ್. ಲೆಕ್ಕ ಹಾಕಿದರೆ ತೆರಿಗೆಯಲ್ಲೇ ಸುಮಾರು 60 ಸಾವಿರ ಹೆಚ್ಚು. ಕರ್ನಾಟಕದಲ್ಲಿ ಕಾರು ಕೊಳ್ಳುವವರು ಹತ್ತು ಲಕ್ಷದ ಈ ಗೆರೆಯನ್ನು ನೋಡಿಯೇ ಮಾದರಿ ಆರಿಸಬೇಕು. ಟ್ರೈಬರ್ ಇವೆರಡಕ್ಕಿಂತಲೂ ತುಂಬ ಅಗ್ಗ. ಅದು ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರಾದ್ದರಿಂದ 2025ರ ಸೆಪ್ಟೆಂಬರ್‌ನಿಂದ ಅದರ ಮೇಲಿನ ಜಿಎಸ್‌ಟಿ ಶೇ 18 ಮಾತ್ರ. ಉಳಿದೆರಡಕ್ಕೆ ಶೇ 40.

ಉಪಯೋಗದ ವಿಷಯದಲ್ಲಿ ನನ್ನ ತೀರ್ಪುಗಾರರು ಅಮ್ಮ. ಅವರಿಗೆ ಮಂಡಿ ನೋವು. ಮೊಮ್ಮಕ್ಕಳ ಜೊತೆ ಕೂರಬೇಕೆಂದು ಒಮ್ಮೊಮ್ಮೆ ಹಿಂದಿನ ಸಾಲೇ ಬೇಕೆನ್ನುತ್ತಾರೆ. ಎರ್ಟಿಗಾದಲ್ಲಿ ನಡುವಿನ ಸೀಟನ್ನು ಮಡಿಸಿ ಮುಂದಕ್ಕೆ ಜಾರಿಸಿದರೆ ಒಂದು ಕಾಲು ಒಳಗಿಟ್ಟು, ಸೀಟಿನ ಬೆನ್ನು ಹಿಡಿದು, ತಲೆ ತಗ್ಗಿಸಿ ದಾಟುತ್ತಾರೆ. ಕೂತ ಮೇಲೆ ತೊಡೆಗೆ ಆಸರೆ ಕಡಿಮೆ, ಮಂಡಿ ಎತ್ತರಕ್ಕೆ ಬರುತ್ತದೆ. ಆದರೂ ಬೆನ್ನನ್ನು ಒರಗಿಸಿಕೊಳ್ಳಬಹುದಾದ್ದರಿಂದ ಹಾಸನದವರೆಗೆ ದೂರಿಲ್ಲದೆ ಬರುತ್ತಾರೆ. ಕ್ಯಾರೆನ್ಸಿನಲ್ಲಿ ಗುಂಡಿ ಒತ್ತಿದರೆ ನಡುವಿನ ಸೀಟು ತಾನೇ ಮಗುಚಿಕೊಂಡು ದಾರಿ ಬಿಡುತ್ತದೆ, ಮೂರನೇ ಸಾಲಿಗೂ ಚಾವಣಿಯಿಂದಲೇ ತಣ್ಣನೆಯ ಗಾಳಿ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಉಪ್ಪಿನಂಗಡಿ ದಾಟುವಾಗ ಆ ಗಾಳಿಯ ಬೆಲೆ ಗೊತ್ತಾಗುತ್ತದೆ. ಅಮ್ಮನ ಮತ ಕ್ಯಾರೆನ್ಸಿಗೆ, ನಾನೂ ಒಪ್ಪುತ್ತೇನೆ.

ಡಿಕ್ಕಿ ಮಾತ್ರ ಮೂರರಲ್ಲೂ ಚಿಕ್ಕದು. ಏಳು ಜನ ಕೂತರೆ ಎರ್ಟಿಗಾದಲ್ಲಿ ಉಳಿಯುವುದು 209 ಲೀಟರ್, ಕ್ಯಾರೆನ್ಸಿನಲ್ಲಿ 216, ಟ್ರೈಬರಿನಲ್ಲಿ ಬರೀ 84. ಊರಿನಿಂದ ತೆಂಗಿನಕಾಯಿ, ಹಲಸು, ಕುಚ್ಚಲಕ್ಕಿ ಹೇರಿಕೊಂಡು ಬರುವವರಿಗೆ ಮೇಲೆ ಕ್ಯಾರಿಯರ್ ಬೇಕೇ ಬೇಕು. ಟ್ರೈಬರಿನ ಹಿಂದಿನ ಎರಡು ಸೀಟುಗಳನ್ನು ಪೂರ್ತಿ ಬಿಚ್ಚಿ ಮನೆಯಲ್ಲೇ ಬಿಡಬಹುದು, ಆಗ 625 ಲೀಟರ್ ಜಾಗ. ನಾಲ್ಕೈದು ಜನರ ಸಂಸಾರಕ್ಕೆ ಇದಕ್ಕಿಂತ ಜಾಣತನದ ಕಾರು ಈ ಬೆಲೆಗೆ ಇಲ್ಲ. ಎರ್ಟಿಗಾದ ಸಿಎನ್‌ಜಿ ಮಾದರಿಯಲ್ಲಿ ಸಿಲಿಂಡರ್ ಡಿಕ್ಕಿಯೊಳಗೇ ಕೂರುತ್ತದೆ. ದಿನವೂ ನಗರದಲ್ಲಿ ಓಡಾಡುವವರಿಗೆ ಅದು ಲಾಭ, ಊರಿನ ದಾರಿಗೆ ಬೇಡ.

ಈಗ ಶಿರಾಡಿ ಘಟ್ಟ. ಗುಂಡ್ಯ ದಾಟಿ ಏರು ಶುರುವಾದಾಗ ಮುಂದೆ ಟ್ಯಾಂಕರುಗಳ ಸಾಲು ತೆವಳುತ್ತಿರುತ್ತದೆ. ಎರ್ಟಿಗಾದ ಒಂದೂವರೆ ಲೀಟರ್ ಎಂಜಿನ್ನಿನ ಟಾರ್ಕ್, ಅಂದರೆ ಎಳೆಯುವ ಬಲ, 136.8 ನ್ಯೂಟನ್ ಮೀಟರ್, ಅದೂ ಎಂಜಿನ್ ಜೋರಾಗಿ ತಿರುಗಿದಾಗ. ಹಾಗಾಗಿ ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿಕೊಂಡಿರಬೇಕು, ಓವರ್‌ಟೇಕಿಗೆ ಉದ್ದನೆಯ ಖಾಲಿ ರಸ್ತೆ ಕಾಣುವವರೆಗೆ ಕಾಯಬೇಕು. ಕ್ಯಾರೆನ್ಸ್ ಡೀಸೆಲ್‌ಗೆ 250 ನ್ಯೂಟನ್ ಮೀಟರ್, ಅದೂ ಕೆಳಗಿನ ವೇಗದಲ್ಲೇ. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಸಾಕು, ಏಳು ಜನರ ಭಾರವನ್ನು ಮರೆಸಿ ಎಳೆದುಕೊಂಡು ಹೋಗುತ್ತದೆ. ಘಟ್ಟದಲ್ಲಿ ಗಾಡಿ ಓಡಿಸುವ ಖುಷಿ ಬೇಕೆಂದರೆ ಉತ್ತರ ಇದೊಂದೇ. ಟ್ರೈಬರಿನ ಒಂದು ಲೀಟರ್ ಎಂಜಿನ್ನಿಗೆ 96 ನ್ಯೂಟನ್ ಮೀಟರ್ ಮಾತ್ರ. ಪೇಟೆಗೆ ಅದು ಹಗುರ, ಹಿತ. ಏಳು ಜನರನ್ನು ಕೂರಿಸಿ ಅದರಲ್ಲಿ ಶಿರಾಡಿ ಹತ್ತಿಸುವ ಯೋಚನೆ ಬಿಡಿ.

ಎರ್ಟಿಗಾ ಗೆಲ್ಲುವುದು ಉಳಿದ ಮುನ್ನೂರು ದಿನಗಳಲ್ಲಿ. ಕ್ಲಚ್ ಮೃದು, ಸ್ಟೇರಿಂಗ್ ಹಗುರ, ಸಿಲ್ಕ್ ಬೋರ್ಡ್ ದಟ್ಟಣೆಯಲ್ಲೂ ಕಾಲು ಸೋಲುವುದಿಲ್ಲ. ಹೆದ್ದಾರಿಯಲ್ಲಿ ಲೀಟರಿಗೆ 17–18 ಕಿ.ಮೀ., ನಗರದಲ್ಲಿ 12ರ ಆಸುಪಾಸು. ಸರ್ವಿಸ್ ಖರ್ಚು ಕೈ ಸುಡುವುದಿಲ್ಲ, ಬಿಡಿಭಾಗ ಸಕಲೇಶಪುರದಂಥ ಊರಿನಲ್ಲೂ ಸಿಗುತ್ತದೆ.

ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ 2024ರಲ್ಲಿ ನಡೆಸಿದ ಅಪಘಾತ ಪರೀಕ್ಷೆಯಲ್ಲಿ, ಭಾರತದಲ್ಲಿ ತಯಾರಾಗಿ ಆಫ್ರಿಕಾ ಮಾರುಕಟ್ಟೆಗೆ ಹೋಗುವ ಎರಡು ಏರ್‌ಬ್ಯಾಗಿನ ಎರ್ಟಿಗಾಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಐದರಲ್ಲಿ ಒಂದೇ ನಕ್ಷತ್ರ. ಕ್ಯಾರೆನ್ಸಿನಲ್ಲಿ ಆರು ಏರ್‌ಬ್ಯಾಗ್ ಮೊದಲಿನಿಂದಲೂ ಎಲ್ಲ ಮಾದರಿಗಳಲ್ಲಿತ್ತು. ಎರ್ಟಿಗಾದ ಎಲ್ಲ ಮಾದರಿಗಳಿಗೆ ಅದು ಬಂದದ್ದು 2025ರ ಜುಲೈನಲ್ಲಿ. ಸೆಕೆಂಡ್ ಹ್ಯಾಂಡ್ ಎರ್ಟಿಗಾ ಹುಡುಕುತ್ತಿರುವವರು ತಯಾರಾದ ತಿಂಗಳನ್ನು ಆರ್‌ಸಿಯಲ್ಲಿ ನೋಡಿಕೊಂಡೇ ಮುಂಗಡ ಕೊಡಿ.